ಖಾಡಿಗೆ ಪಹಣಿ ಇಲ್ಲ
1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಬಳಿಕ ಬೆಳೆದ ನವಿ ಮುಂಬಯಿಯಲ್ಲಿ ನಾವು ನೆಲೆಸಿರುವುದು ಆಗ್ರಿ, ಕೋಲಿ ಜನರ ಗದ್ದೆ, ಉಪ್ಪಿನಾಗರಗಳ ಮೇಲೆ. ವಾಶಿ, ತುರ್ಭೆ, ನೆರೂಳ್ ಅವರ ಊರುಗಳೇ. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ಉರಣ್ ತಾಲೂಕಿನಲ್ಲಿ ನಡೆದ ಹೋರಾಟದಲ್ಲಿ ಐವರು ಪೊಲೀಸರ ಗುಂಡಿಗೆ ಬಲಿಯಾದರು. ಭೂಮಿ ಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಶೇ. 12.5 ಭೂಮಿ ನೀಡುವ ಯೋಜನೆ ಆ ಹೋರಾಟದ ಫಲ. ಬರಿಯ ಹಣವಲ್ಲ, ಬೆಳೆಯುವ ನಗರದಲ್ಲಿ ಪಾಲು ಬೇಕೆಂಬ ಅವರ ವಾದ ನಮಗೆ ನ್ಯಾಯವಾಗಿಯೇ ತೋರುತ್ತದೆ.

ಆದರೆ ಈ ಲೆಕ್ಕ ಸಾತ್-ಬಾರಾ (ನಮ್ಮೂರಿನ ಪಹಣಿ) ಉಳ್ಳವರದು. ಠಾಣೆ ಖಾಡಿಯಲ್ಲಿ ಬಲೆ ಬೀಸುವವರಿಗೆ ನೀರಿನ ಮೇಲೆ ಯಾವ ಕಾಗದವಿದೆ? ವಾಶಿಯ ಮೂರನೆಯ ಸೇತುವೆಯ ಮೊಕದ್ದಮೆಯಲ್ಲಿ, 2021ರಲ್ಲಿ, ಬಾಂಬೆ ಹೈಕೋರ್ಟು ಮೀನುಗಾರರಿಗೂ ಪರಿಹಾರದ ಹಕ್ಕಿದೆಯೆಂದಿತು. ಆ ಪರಿಹಾರ ಸೇತುವೆಯ ನಕ್ಷೆಯೊಡನೆಯೇ ಸಿದ್ಧವಾಗಬೇಕಿತ್ತು, ಅವರು ನ್ಯಾಯಾಲಯದ ಮೆಟ್ಟಿಲೇರಿದ ಮೇಲಲ್ಲ.