ಕೆನಡಾ ವರ್ಕ್ ಪರ್ಮಿಟ್ ಬಂತು, ಪಿಆರ್ ಲೆಕ್ಕ ಯಾಕೆ ಕೂಡ್ತಿಲ್ಲ?

"ಮಗ ಕೆನಡಾದಲ್ಲಿ ಸೆಟ್ಲ್ ಆದ" ಅಂತ ಊರಲ್ಲಿ ಸಿಹಿ ಹಂಚೋದು ಸಾಮಾನ್ಯವಾಗಿ ವರ್ಕ್ ಪರ್ಮಿಟ್ ಕೈಗೆ ಬಂದಾಗ. ಆದರೆ ಆ ಕಾಗದದ ಮೇಲೆ ಒಂದು ಕೊನೇ ದಿನಾಂಕ ಇರುತ್ತೆ. ತೋಟ, ಸೈಟು ಅಡ ಇಟ್ಟು ಕಳಿಸಿದ ಅಪ್ಪ-ಅಮ್ಮ ಮೊದಲು ನೋಡಬೇಕಾದ್ದು ಅದನ್ನೇ.

ಓದು ಮುಗಿದ ಮೇಲೆ ಸಿಗುವ ಈ ಪರ್ಮಿಟ್ ಜೀವನದಲ್ಲಿ ಒಂದೇ ಸಲ. ಎರಡು ವರ್ಷದ ಕೋರ್ಸ್ ಮಾಡಿದವರಿಗೆ ಮೂರು ವರ್ಷದವರೆಗೆ ಸಿಗುತ್ತೆ. ಮಾಸ್ಟರ್ಸ್ ಆದರೆ ಕೋರ್ಸ್ ಎರಡು ವರ್ಷಕ್ಕಿಂತ ಕಡಿಮೆ ಇದ್ದರೂ ಮೂರು ವರ್ಷ ಸಿಗಬಹುದು, 2024ರ ಫೆಬ್ರವರಿಯಿಂದ ಈ ನಿಯಮ ಇದೆ. ಒಂದು ವರ್ಷದ ಡಿಪ್ಲೊಮಾಕ್ಕೆ ಒಂದೇ ವರ್ಷದ ಪರ್ಮಿಟ್. ಅಲ್ಲೇ ಎಡವಟ್ಟು. ಕಾಯಂ ವಾಸದ (ಪಿಆರ್) 'ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್' ದಾರಿಗೆ ಅಲ್ಲಿನ ಒಂದು ವರ್ಷದ ಕೆಲಸದ ಅನುಭವ ಬೇಕೇ ಬೇಕು. ಕೆಲಸ ಹುಡುಕೋದಕ್ಕೇ ಎರಡು-ಮೂರು ತಿಂಗಳು ಹೋದರೆ ವರ್ಷ ತುಂಬೋ ಮೊದಲೇ ಪರ್ಮಿಟ್ ಮುಗಿಯುತ್ತೆ.

ಯಾವ ಕೆಲಸ ಅನ್ನೋದೂ ಮುಖ್ಯ. ಕ್ಯಾಷಿಯರ್, ಗೋಡೌನ್‌ನಲ್ಲಿ ಸಾಮಾನು ಎತ್ತೋದು, ಮನೆ ಮನೆಗೆ ಡೆಲಿವರಿ, ಅಂಗಡಿ ಸೇಲ್ಸ್ ಇವ್ಯಾವುದೂ ಈ ಲೆಕ್ಕಕ್ಕೆ ಬರಲ್ಲ. ಅಡುಗೆಯವರು, ಲಾರಿ ಡ್ರೈವರ್, ಅಂಗಡಿ ಸೂಪರ್‌ವೈಸರ್ ಆದರೆ ಬರುತ್ತೆ. ಫುಲ್ ಟೈಮ್ ಓದುವಾಗ ಮಾಡಿದ ಕೆಲಸ ಸೇರಲ್ಲ, ಸ್ವಂತ ವ್ಯಾಪಾರವೂ ಸೇರಲ್ಲ.

ಇಷ್ಟೆಲ್ಲ ಇದ್ದರೂ ಅದು ಸಾಲಲ್ಲಿ ನಿಲ್ಲೋಕೆ ಟೋಕನ್ ಸಿಕ್ಕ ಹಾಗೆ ಅಷ್ಟೆ. 'ಎಕ್ಸ್‌ಪ್ರೆಸ್ ಎಂಟ್ರಿ'ಯಲ್ಲಿ 1200ಕ್ಕೆ ಅಂಕ ಕೊಡ್ತಾರೆ, ಮೇಲಿನವರನ್ನು ಮಾತ್ರ ಕರೀತಾರೆ. ಇಲ್ಲಿ ಬಿಕಾಂ ಮುಗಿಸಿ ಅಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡಿದ, ಮದುವೆಯಾಗದ 25ರ ಹುಡುಗನ ಲೆಕ್ಕ ಹಾಕೋಣ. ವಯಸ್ಸಿಗೆ 110, ಓದಿಗೆ 128, ಒಳ್ಳೆ ಇಂಗ್ಲಿಷಿಗೆ (ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲಿ 7) 124, ಒಂದು ವರ್ಷದ ಕೆಲಸಕ್ಕೆ 40, ಓದು-ಭಾಷೆ ಕೂಡಿದ್ದಕ್ಕೆ 50, ಕೆನಡಾದಲ್ಲಿ ಓದಿದ್ದಕ್ಕೆ 15. ಒಟ್ಟು 467. ಮೂರು ವರ್ಷ ಪೂರ್ತಿ ದುಡಿದರೂ 491. 2025ರಲ್ಲಿ ಈ ದಾರಿಯಲ್ಲಿ ಕರೆದ ಅಂಕ ವರ್ಷಪೂರ್ತಿ 500ರ ಮೇಲೆಯೇ ಇತ್ತು.

ಅಂದರೆ ಹುಡುಗ ಯಾವ ತಪ್ಪೂ ಮಾಡಿಲ್ಲ, ಆದರೂ ಹೊರಗೆ ಉಳಿದ. ಅದೇ ಹುಡುಗ ಹೋಗೋ ಮೊದಲು ಬೆಂಗಳೂರಲ್ಲಿ ಮೂರು ವರ್ಷ ಅಕೌಂಟೆಂಟ್ ಕೆಲಸ ಮಾಡಿದ್ದರೆ ಇನ್ನೂ 50 ಅಂಕ ಸೇರಿ, ಅಲ್ಲಿ ಒಂದು ವರ್ಷ ದುಡಿದಾಗಲೇ 517 ಆಗ್ತಿತ್ತು (ಆಗ ವಯಸ್ಸು 28-29 ಆದರೂ ಆ ಅಂಕ ಕಡಿಮೆ ಆಗಲ್ಲ). ಡಿಗ್ರಿ ಮುಗಿದ ತಕ್ಷಣ ವಿಮಾನ ಹತ್ತಿಸೋ ಏಜೆಂಟರು ಇದನ್ನು ಹೇಳೋದು ಕಡಿಮೆ, ಅವರಿಗೆ ಈ ವರ್ಷದ ಅಡ್ಮಿಷನ್ ಬೇಕಲ್ಲ. ಆದರೆ 30 ತುಂಬಿದ ಮೇಲೆ ವರ್ಷ ವರ್ಷ ಅಂಕ ಇಳಿಯುತ್ತೆ, ಅದೂ ಗೊತ್ತಿರಲಿ.

2021ರ ಫೆಬ್ರವರಿಯಲ್ಲಿ ಒಂದೇ ದಿನ 27,332 ಜನರನ್ನು ಬರೀ 75 ಅಂಕಕ್ಕೆ ಕರೆದಿದ್ದರು. ಕೋವಿಡ್ ಕಾಲ, ಹೊರಗಿನಿಂದ ಯಾರೂ ಬರೋ ಹಾಗಿರಲಿಲ್ಲ. ಆ ಕಥೆಯನ್ನೇ ಇವತ್ತಿಗೂ ಕೆಲವರು ಮಾರ್ತಿದ್ದಾರೆ. ಈಗ ಪರಿಸ್ಥಿತಿ ಉಲ್ಟಾ. ಅಲ್ಲಿ ಮನೆ ಬಾಡಿಗೆ ಏರಿ, ಜನರ ಅಸಮಾಧಾನ ಹೆಚ್ಚಾದ ಮೇಲೆ ಸರ್ಕಾರ 2025ರ ಪಿಆರ್ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿತು. ಪ್ರಾಂತ್ಯಗಳ ಕೋಟಾವನ್ನು ಆ ವರ್ಷ 1.10 ಲಕ್ಷದಿಂದ 55 ಸಾವಿರಕ್ಕೆ ಅರ್ಧ ಮಾಡಿತು. ಉದ್ಯೋಗದ ಆಫರ್ ಲೆಟರಿಗೆ ಸಿಗ್ತಿದ್ದ 50 ಅಥವಾ 200 ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದೇ ಹಾಕಿತು, ಆ ಲೆಟರ್‌ಗಳೇ ದುಡ್ಡಿಗೆ ಮಾರಾಟ ಆಗ್ತಿದ್ದವು ಅನ್ನೋ ಕಾರಣಕ್ಕೆ. ಆದ್ದರಿಂದ "ಆಫರ್ ಲೆಟರ್ ಕೊಡಿಸ್ತೀನಿ, ಅಂಕ ಏರುತ್ತೆ" ಅಂತ ಯಾರಾದರೂ ಈಗ ಲಕ್ಷ ಲಕ್ಷ ಕೇಳಿದರೆ ಅದು ಇಲ್ಲದ ಸರಕಿಗೆ ದುಡ್ಡು.

ಉಳಿದಿರೋ ಸಂದುಗಳಲ್ಲಿ ಒಂದು, ಫ್ರೆಂಚ್. ಫ್ರೆಂಚ್ ಬಲ್ಲವರನ್ನು 2025ರ ಮಾರ್ಚ್‌ನಲ್ಲಿ 379 ಅಂಕಕ್ಕೂ ಕರೆದಿದ್ದಾರೆ. ಆದರೆ ಹಗಲು ಕೆಲಸ, ರಾತ್ರಿ ಹೊಸ ಭಾಷೆ, ಹೇಳಿದಷ್ಟು ಸುಲಭ ಇಲ್ಲ.

ಇತ್ತ ಬ್ಯಾಂಕಿನ ಲೆಕ್ಕವೇ ಬೇರೆ. 7.5 ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತವೆ, ಅಪ್ಪನೂ ಸಾಲಗಾರನಾಗಿ ಸಹಿ ಹಾಕಿರ್ತಾನೆ. ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಪರ್ಮಿಟ್ ಮುಗಿದು ಹುಡುಗ ವಾಪಸ್ ಬಂದರೆ, ಡಾಲರ್ ನಂಬಿ ಮಾಡಿದ ಸಾಲ ರೂಪಾಯಿ ಸಂಬಳದಲ್ಲಿ ತೀರಬೇಕು.

ಮುಂದಿನ ಬ್ಯಾಚಿಗೆ ಹೊರಟವರಿಗೆ ಇನ್ನೊಂದು ಮಾತು. 2024ರ ನವೆಂಬರ್ 1ರ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿ ಕಾಲೇಜು ಡಿಪ್ಲೊಮಾಕ್ಕೆ ಸೇರುವವರಿಗೆ ಸರ್ಕಾರದ ಪಟ್ಟಿಯಲ್ಲಿರೋ ವಿಷಯ ಓದಿದರೆ ಮಾತ್ರ ವರ್ಕ್ ಪರ್ಮಿಟ್. ಆ ಪಟ್ಟಿ ಕೆನಡಾ ಸರ್ಕಾರದ ವೆಬ್‌ಸೈಟ್‌ನಲ್ಲೇ ಇದೆ, ನೋಡೋಕೆ ಯಾರಿಗೂ ಫೀಸು ಕೊಡಬೇಕಿಲ್ಲ.