ಚೌಕೀದಾರನ ಚಳಿಗೆ ಮನೆಗೆ 15 ರೂಪಾಯಿ

ಡಿಸೆಂಬರ್ ಬಂದರೆ ದೆಹಲಿಯ ವಸತಿ ಸಂಘಗಳಿಗೆ ವಾಯುಮಾಲಿನ್ಯ ನೆನಪಾಗುತ್ತದೆ. ಗೇಟಿನ ಬಳಿ ಕಟ್ಟಿಗೆ ಉರಿಸುವ ಚೌಕೀದಾರ ಕಣ್ಣಿಗೆ ಬೀಳುತ್ತಾನೆ. ಬೆಂಕಿ ಆರಿಸು ಎನ್ನುವವರು ಒಳಗೆ ರೂಮ್ ಹೀಟರ್ ಹಾಕಿಕೊಂಡು ಮಲಗುವವರೇ.

ಹೊಗೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಬಯಲಲ್ಲಿ ಹಾಕಿದ ಬೆಂಕಿಯ ಬಹುಪಾಲು ಶಾಖ ಆಕಾಶಕ್ಕೆ ಹೋಗುತ್ತದೆ. ಸೂಕ್ಷ್ಮ ಕಣಗಳು ಮೊದಲು ಅವನದೇ ಶ್ವಾಸಕೋಶಕ್ಕೆ. ಅಗ್ಗಿಷ್ಟಿಕೆಯನ್ನು ಮುಚ್ಚಿದ ಕ್ಯಾಬಿನ್ನಿನೊಳಗೆ ಇಟ್ಟುಕೊಂಡರೆ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲಬಹುದು. ಕರೆಂಟೂ ಕಲ್ಲಿದ್ದಲಿನದೇ ಅಲ್ಲವೇ ಎನ್ನುವವರಿದ್ದಾರೆ. ಬಹುಮಟ್ಟಿಗೆ ನಿಜ. ಆದರೆ ಸ್ಥಾವರಕ್ಕೆ ಎತ್ತರದ ಚಿಮಣಿಯಿದೆ, ಹಾರುಬೂದಿ ಹಿಡಿಯುವ ಯಂತ್ರವಿದೆ. ಗೇಟಿನ ಬೆಂಕಿಗೆ ಎರಡೂ ಇಲ್ಲ. ಅದರ ಹೊಗೆ ಮೂಗಿನ ಮಟ್ಟದಲ್ಲೇ ಸುಳಿಯುತ್ತದೆ.

ಹಾಗಾದರೆ ಹೀಟರ್ ಕೊಡಲಿ. ಇದು ದಾನವಲ್ಲ. ದೆಹಲಿ ವಲಯದ ಮಾಲಿನ್ಯ ನಿಯಂತ್ರಣಕ್ಕಿರುವ ಗ್ರಾಪ್ ಯೋಜನೆಯೇ ಕಾವಲು, ಸ್ವಚ್ಛತಾ ಸಿಬ್ಬಂದಿಗೆ ವಿದ್ಯುತ್ ಹೀಟರ್ ಒದಗಿಸಿ ಎಂದು ವಸತಿ ಸಂಘಗಳಿಗೆ ಹೇಳುತ್ತದೆ. ಖರ್ಚು? 1,000 ವ್ಯಾಟಿನ ಹೀಟರ್ ರಾತ್ರಿ 10 ಗಂಟೆ ನಡೆದರೆ 10 ಯೂನಿಟ್, ತಿಂಗಳಿಗೆ 300. ಯೂನಿಟ್ಟಿಗೆ 10 ರೂಪಾಯಿ ಎಂದೇ ಹಿಡಿದರೂ 3,000 ರೂಪಾಯಿ. 200 ಮನೆಗಳಿದ್ದರೆ ತಲಾ 15.

ಸುತ್ತು ಹೊಡೆಯುವವನಿಗೆ ಹೀಟರೊಂದೇ ಸಾಲದು. ದಪ್ಪ ಕೋಟು, ಬೂಟು, ಕ್ಯಾಬಿನ್ನಿಗೊಂದು ಬಾಗಿಲು, ನಡುನಡುವೆ ಒಳಗೆ ಕೂರುವ ಅನುಮತಿಯೂ ಬೇಕು. ಇಷ್ಟನ್ನೂ ಕೊಟ್ಟು ಬೆಂಕಿ ನಿಲ್ಲಿಸಲಿ, ಯಾರೂ ಬೇಡವೆನ್ನುವುದಿಲ್ಲ. ಏನೂ ಕೊಡದೆ ಆರಿಸಿದರೆ, ಎಲ್ಲರೂ ಉಸಿರಾಡುವ ಶುದ್ಧ ಗಾಳಿಗೆ ಬೆಲೆ ತೆರುವವನು ಇಡೀ ಸೊಸೈಟಿಯಲ್ಲಿ ಅತಿ ಕಡಿಮೆ ಸಂಬಳದವನೊಬ್ಬನೇ.