ಮಗಳ ಮನೆಗೆ ಬಂದವರಿಗೆ ಒಂದು ಕಾಫಿ, ಒಂದು ನಾಟಕ

ಬಾಣಂತನಕ್ಕೆಂದು ಬೆಂಗಳೂರಿಗೆ ಬಂದು ಮೂರು ತಿಂಗಳಿದ್ದು ಹೋದವರನ್ನು "ಏನೇನು ನೋಡಿದಿರಿ?" ಎಂದು ಕೇಳಿ. ರೈಲ್ವೆ ಸ್ಟೇಷನ್ನು, ಆಸ್ಪತ್ರೆ, ಮಗಳ ಮನೆಯ ಬಾಲ್ಕನಿ, ಅಷ್ಟೇ. ಅಳಿಯನಿಗೆ ಬಿಡುವಿಲ್ಲ, ಮಗಳಿಗೆ ಕೈಕೂಸು. ಒಬ್ಬಳೇ ಹೊರಟರೆ ದಾರಿ ತಪ್ಪೀತೆಂಬ ಅಂಜಿಕೆ ಬೇರೆ. ಮಗಳ ಮನೆ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಇದ್ದರೆ, ಸೋದರಿಯರೇ, ಆ ಅಂಜಿಕೆ ಬೇಡ.

ಜಯನಗರ 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ, ಮೊದಲೇ ನಕ್ಷೆ ಬರೆದು ಕಟ್ಟಿದ ಬಡಾವಣೆ. ಮೇನ್ ರಸ್ತೆಗಳನ್ನು ಕ್ರಾಸ್ ರಸ್ತೆಗಳು ಅಡ್ಡಡ್ಡ ಕತ್ತರಿಸುತ್ತವೆ. ರಂಗೋಲಿ ಚುಕ್ಕಿ ಎಣಿಸಿದ ಹಾಗೆ ಎಣಿಸಿಕೊಂಡು ಹೋದರಾಯಿತು. ಬ್ಲಾಕ್, ಮೇನ್, ಕ್ರಾಸ್ ಮೂರನ್ನೂ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಬಸ್ಸಿನಲ್ಲಿ ನಮಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. (ಕಾಸರಗೋಡಿನ ಅಕ್ಕಂದಿರು ಮಾತ್ರ ಕಾಸು ಕೊಡಬೇಕು, ನನಗೂ ಬೇಸರವೇ.)

ಆಷಾಢದಲ್ಲಿ ಬಂದಿದ್ದರೆ ಸೆರಗಿಗೊಂದು ಪಿನ್ನು ಹಾಕಿಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಊರು, ಆಗಿನ ಗಾಳಿಗೆ ಕೊಡೆಯೇ ಮಗುಚೀತು. ಗಾಳಿ ಇದೆ, ಕಡಲೊಂದಿಲ್ಲ. ಆದರೂ ಕಡಲ ತೀರದ ಕೈರುಚಿ ಇಲ್ಲಿಗೆ ಬಂದು ನೂರು ವರ್ಷವಾಯಿತು. 1924ರಲ್ಲಿ ಎಂ.ಟಿ.ಆರ್. ಶುರುಮಾಡಿದ ಮಯ್ಯ ಸಹೋದರರೂ 1943ರಲ್ಲಿ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುರುಮಾಡಿದ ಉರಾಳರೂ ಉಡುಪಿ ಸೀಮೆಯವರೇ.

ಆದರೆ ನಾನು ನಿಮ್ಮನ್ನು ಕಳಿಸುವುದು ದರ್ಶಿನಿಗೆ. ನಮ್ಮ ಊರುಗಳಲ್ಲಿ ಹೆಂಗಸರು ಹೋಟೆಲಿಗೆ ಹೋದರೆ 'ಫ್ಯಾಮಿಲಿ ರೂಮ್' ಎಂಬ ಪರದೆ ಹಿಂದಿನ ಕತ್ತಲೆ ಕೋಣೆ. ಅದಕ್ಕೂ ಗಂಡನೋ ಅಣ್ಣನೋ ಜೊತೆಗಿರಬೇಕಿತ್ತು. 1983ರಲ್ಲಿ ಜಯನಗರದಲ್ಲಿ 'ಕೆಫೆ ದರ್ಶಿನಿ' ಬಂತು. ಮೊದಲೇ ದುಡ್ಡು ಕೊಟ್ಟು ಚೀಟಿ ತಗೊಳ್ಳುವುದು, ಕೌಂಟರಿನಲ್ಲಿ ಕೊಡುವುದು, ನಿಂತೇ ತಿನ್ನುವುದು. ಕುರ್ಚಿಯೂ ಇಲ್ಲ, ಪರದೆಯೂ ಇಲ್ಲ. "ಯಾರ ಜೊತೆ ಬಂದಿರಿ?" ಎಂದು ಕೇಳುವವರೂ ಇಲ್ಲ. ಈಗ ಬೀದಿಗೊಂದು ದರ್ಶಿನಿಯಿದೆ. ತರಕಾರಿ ಚೀಲ ಕಾಲ ಬಳಿ ಇಟ್ಟು, ಸ್ಟೀಲ್ ಲೋಟದ ನೊರೆಗಾಫಿಯನ್ನು ನಿಧಾನವಾಗಿ ಕುಡಿಯಿರಿ. ಜೊತೆಗೊಬ್ಬರಿದ್ದರೆ "ಬೈಟೂ" ಅನ್ನಿ, ಒಂದನ್ನೇ ಎರಡು ಲೋಟಕ್ಕೆ ಹಂಚಿ ಕೊಡುತ್ತಾರೆ. ಆದರೆ ಮೊದಲ ದಿನ ಪೂರಾ ಲೋಟ ನಿಮಗೇ ಇರಲಿ. ಊರಿಗೆ ಪುಡಿ ಒಯ್ಯುವುದಾದರೆ ಕಣ್ಣೆದುರೇ ಬೀಸಿಸಿ, ಚಿಕೋರಿ ಎಷ್ಟು ಎಂದು ನೀವೇ ಹೇಳಿ. ನೂರಕ್ಕೆ ಇಪ್ಪತ್ತು ಸಾಕು, ಹೆಚ್ಚಾದರೆ ಡಿಕಾಕ್ಷನ್ ಕಪ್ಪಗೆ ಕಾಣುತ್ತದೆಯೇ ಹೊರತು ಪರಿಮಳವಿರುವುದಿಲ್ಲ.

ಬನಶಂಕರಿ ಅಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ ಜನಜಾತ್ರೆ. ಬೇರೆಡೆ ರಾಹುಕಾಲವೆಂದರೆ ಹೊಸಿಲು ದಾಟದವರು ಇಲ್ಲಿ ರಾಹುಕಾಲಕ್ಕೇ ಬಂದು ನಿಂಬೆ ಹೋಳಿನಲ್ಲಿ ದೀಪ ಹಚ್ಚುತ್ತಾರೆ.

ಇನ್ನು ಸಂಜೆ. ಜೆ.ಪಿ. ನಗರದ ರಂಗಶಂಕರ, ಶಂಕರನಾಗ್ ನೆನಪಿಗೆ ಅರುಂಧತಿ ನಾಗ್ ಅವರು ಹಟ ಹಿಡಿದು ಕಟ್ಟಿಸಿದ ರಂಗಮಂದಿರ, 2004ರಲ್ಲಿ ತೆರೆಯಿತು. ಚಿಕ್ಕ ಜಾಗ, ನಟರ ಉಸಿರೂ ಕೇಳಿಸುತ್ತದೆ. ಕನ್ನಡ ನಾಟಕ ಯಾವತ್ತಿದೆ ಎಂದು ಮಗಳ ಫೋನಿನಲ್ಲಿ ನೋಡಿಸಿ, ಟಿಕೆಟ್ ಮೊದಲೇ ತೆಗೆಸಿ. ನಾಟಕ 7-30ಕ್ಕೆಂದರೆ 7-30ಕ್ಕೇ. ಬಾಗಿಲು ಹಾಕಿದ ಮೇಲೆ ಯಾರು ಬಂದರೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಮನೆಯಿಂದ ಆರೂವರೆಗೇ ಹೊರಡಿ. ಕುಕ್ಕರ್ ಇಡುವುದು ಅಳಿಯನಿಗೂ ಬರುತ್ತದೆ.